ಅಮ್ಮನ ಅಳತೆಗೆ ಒಂದು ಕೋಟು

…ಅಯ್ಯೋ, ಏಳಬೇಡ ಅಂದ್ನಲ್ಲ! ಕೂತಲ್ಲೇ ಕೂತಿರು ಗುಬ್ಬಿ. ಬಾಯಿ ತುಂಬ ಗುಂಡುಸೂಜಿ ಕಚ್ಕೊಂಡು 'ಬಾರೇ' ಅನ್ನೋಕೆ ಹೋಗಿ ಒಂದನ್ನ ನುಂಗಿಬಿಟ್ರೆ, ಊರಿನ ಅರ್ಧ ಹೆಂಗಸರು ಈ ಹಬ್ಬಕ್ಕೆ ತೋಳಿಲ್ಲದ ಬಟ್ಟೆ ಹಾಕ್ಕೋಬೇಕಾಗುತ್ತೆ. ನೀನು ತಲೆ ಆಡಿಸು, ಸಾಕು. ಮಾತು ನಂದು. ಸ್ಕೂಲಲ್ಲೂ ಹಾಗೇ ತಾನೇ? ಮಾತಾಡೋಳು ನಾನು, ಏಟು ತಿನ್ನೋಳು ನೀನು… ನಗಬೇಡ್ವೇ, ಸೂಜಿ!

ಉಸ್ಸಪ್ಪಾ. ಈ ಚೀಲ ಇಲ್ಲೇ ಬಾಗಿಲ ಹತ್ರ ಇಡ್ತೀನಿ. ನೋಡು, ಮತ್ತೆ ಜಾರ್ತು ಪಟ್ಟಿ. ಬಲಗಡೆ ಹೆಗಲಲ್ಲಿ ನಿಲ್ಲೋದೇ ಇಲ್ಲ ಈಗೀಗ. ಇನ್ನೂ ಎರಡು ಬೀದಿ ಬಾಕಿ ಇದೆ. ಕ್ರಿಸ್ಮಸ್ ಅಂದ್ರೆ ಜನಕ್ಕೆ ಕೇಕು, ದೀಪ. ಪೋಸ್ಟಿನವಳಿಗೆ ಬರೀ ಪಾರ್ಸಲ್ಲು! ಬೆಳಿಗ್ಗೆಯಿಂದ ಊರಿನ ಅಮ್ಮಂದಿರಿಗೆಲ್ಲ ಅವರವರ ಮಕ್ಕಳು ಕಳಿಸಿದ್ದನ್ನ ಹಂಚಿ ಹಂಚಿ… ಬೆರಳು ನೋಡು, ಮುಟ್ಟು, ಮುಟ್ಟು ಒಂದ್ಸಲ. ಕಟ್ಟಿಗೆ ಆಗಿದೆ. ಬಾಗಿಲು ತಟ್ಟಿದ್ರೆ ನನಗೇ ಗೊತ್ತಾಗಲ್ಲ ತಟ್ಟಿದ್ನೋ ಇಲ್ವೋ ಅಂತ. ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನ ಕಥೆ ಅಷ್ಟೇ.

ಇಲ್ಲ, ಮಾರಿ ಯಾಕಾಗ್ಲಿ? ತಗೊಂಡಿದೀನಲ್ಲ. ಅಮ್ಮನಿಗೆ ಅಂತ ಒಂದು ಕೋಟು ತಗೊಂಡಿದೀನಿ. ಅದಕ್ಕೇ ಬಂದಿದ್ದು ನಿನ್ನ ಹತ್ರ. ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ, ನೀನೊಂದು ಕೈ ಹಾಕಿ… ತಡಿ, ತೆಗೀತೀನಿ. ಇಗೋ.

ಯಾಕೆ? ಮಿಷನ್ ಯಾಕೆ ನಿಲ್ಲಿಸ್ದೆ? ದಾರ ತುಂಡಾಯ್ತಾ?

ಬಟ್ಟೆ ಚೆನ್ನಾಗಿದೆ ಅಲ್ವಾ? ಬಾಟಲಿ ಹಸಿರು. ಒಳ್ಳೆ ದಪ್ಪ ಉಣ್ಣೆ. ದೊಡ್ಡ ರಸ್ತೆಯಲ್ಲಿ ಗಾಜಿನ ಅಂಗಡಿ ಇದೆಯಲ್ಲ, ಅಲ್ಲೇ. ನಿನ್ನೆ ತಗೊಂಡೆ. ಏನು? ಯಾಕೆ ಬೆರಳು ಆಡಿಸ್ತೀಯ? ನಿನ್ನೆ ಅವರಿಗೆ ರಜಾನಾ? ಓ… ಹಾಗಾದ್ರೆ ಮೊನ್ನೆ. ಮೊನ್ನೆನೇ ಇರಬೇಕು. ಈ ತಿಂಗಳು ನನಗೆ ವಾರ ಯಾವುದು, ದಿನ ಯಾವುದು ಒಂದೂ ನೆಟ್ಟಗೆ ತಿಳೀತಿಲ್ಲ. ಕಾಲರ್ ತಿರುವಿ ಏನು ಹುಡುಕ್ತೀಯ? ಅಂಗಡಿ ಪಟ್ಟಿ ನಾನೇ ಕಿತ್ತುಹಾಕ್ದೆ. ಅಮ್ಮ ಅದನ್ನ ನೋಡಿದ್ಲೋ, ಹೋಗಿ ವಾಪಸ್ ಕೊಟ್ಟು ಬಾ ಅಂತಾಳೆ.

ನಿನಗೆ ಗೊತ್ತಿಲ್ದೆ ಇರೋದಾ ನಮ್ಮಮ್ಮ! ಏನು ಕೊಟ್ರೂ ಒಂದೇ ಮಾತು. 'ಇದ್ಯಾಕೆ ತಂದೆ? ನನಗೇನು ಕಮ್ಮಿಯಾಗಿದೆ?' ಮೆತ್ತನೆ ಚಪ್ಪಲಿ ತಂದೆ. ಕಾಲಿಗೆ ನೆಲವೇ ಸಿಗಲ್ಲ, ಹಾಕ್ಕೊಂಡ್ರೆ ತೇಲಿದ ಹಾಗಾಗುತ್ತೆ ಅಂದ್ಲು. ನೀರು ಕಾಯಿಸೋ ಕೆಟಲ್ ತಂದೆ, ಅದರೊಳಗೆ ಗುಂಡಿ ದಾರ ತುಂಬಿಸಿಟ್ಟಿದಾಳೆ. ಸುಳ್ಳಲ್ಲ! ಬಿಸಿನೀರಿನ ಚೀಲವನ್ನ ಎದುರು ಮನೆ ಹೆಂಗಸಿಗೆ ಕೊಟ್ಲು, 'ಪಾಪ, ವಯಸ್ಸಾದವಳು' ಅಂತ. ಆ ಹೆಂಗಸು ಅಮ್ಮನಿಗಿಂತ ಚಿಕ್ಕವಳು ಕಣೇ! ಅತ್ತಿಗೆ ಪ್ರತಿ ವರ್ಷ ಏನೋ ಒಂದು ದೊಡ್ಡ ಡಬ್ಬ ಹೊತ್ಕೊಂಡು ಬರ್ತಾರೆ. ಅದಕ್ಕೂ ಅದೇ ಗತಿ. ಎಲ್ಲಾ ಹೋಗಿ ಬೀಳೋದು ಬೀರುವಿನ ಕೆಳಗಿನ ಖಾನೆಗೆ. ಅಲ್ಲಿಗೆ ಹೋಗಿದ್ದು ಈ ಜನ್ಮದಲ್ಲಿ ಮೇಲೆ ಬರಲ್ಲ.

ಹಬ್ಬದ ದಿನ ಎಲ್ಲರೂ ಸುತ್ತ ಕೂತ್ಕೋತೀವಿ. ಅಣ್ಣ, ಅತ್ತಿಗೆ, ನಾನು. ಅಮ್ಮ ಒಂದೊಂದೇ ಪೊಟ್ಟಣ ಬಿಚ್ತಾಳೆ, ಮಕ್ಕಳ ಮುಖ ನೋಡ್ತಾಳೆ, ಮಡಚಿ ಪಕ್ಕಕ್ಕಿಡ್ತಾಳೆ. ಆಗ ನನಗೆ ಪರೀಕ್ಷೆಯಲ್ಲಿ ಫೇಲಾದ ಹಾಗೆ ಆಗುತ್ತೆ. ಈ ಸಲ ಬರಿಗೈಲಿ ಕೂರೋದು ಬೇಡ ಅಂತ… ಅದಕ್ಕೇ ಕೋಟು.

ಸರಿ, ಕೆಲಸ ಕೇಳು. ತೋಳು ಉದ್ದ, ಅಮ್ಮನ ಬೆರಳೂ ಕಾಣಲ್ಲ. ಮೈಯೂ ಅಗಲ. ಅಮ್ಮ ಈಗ ಎಷ್ಟಿದಾಳೆ? ಒಂದು ಹಿಡಿ. ಈ ಜೇಬು ನೋಡು, ಇಷ್ಟು ಆಳ ಯಾರಿಗೆ ಬೇಕು? ಒಳಗೆಲ್ಲ ಉಣ್ಣೆ ಬೇರೆ ಹೊಲಿದಿದಾರೆ, ಜೇಬಿಗೂ ಚಳಿಯಾಗುತ್ತೆ ಅನ್ನೋ ಹಾಗೆ! ಅಮ್ಮ ಅದರಲ್ಲಿ ಏನಿಟ್ಕೋತಾಳೆ, ಕರ್ಚೀಫು ತಾನೇ? ಆಮೇಲೆ ಮುಖ್ಯವಾದ್ದು ಇಲ್ಲಿದೆ. ಈ ಭುಜ. ಎಡಗಡೆ ಸರಿಯಾಗಿದೆ. ಬಲಗಡೆ ಮುಟ್ಟು. ಏನೋ ಗಂಟಿದೆ ಅಲ್ವಾ? ಒಂದು ಕಡೆ ಮಾತ್ರ ದಪ್ಪಕ್ಕೆ ತುಂಬಿಸಿದಾರೆ! ಯಾವನೋ ಹೊಲಿಯೋನು ನಿದ್ದೆಗಣ್ಣಲ್ಲಿ ಹೊಲಿದಿದಾನೆ. ನಾನೇ ಬ್ಲೇಡಿನಲ್ಲಿ ಒಂದಿಷ್ಟು ಬಿಚ್ಚಿ ನೋಡಿದೆ, ಇಲ್ಲಿ, ಕೆಳಗಡೆ…

ಏ! ಯಾಕೆ ಹಾಗೆ ಕಿತ್ಕೋತೀಯ? ಸ್ವಲ್ಪ ಬಿಚ್ಚಿದೀನಿ ಅಷ್ಟೇ ಕಣೇ. ನಿನ್ನ ಕೈ ಕೊಯ್ದ ಹಾಗೆ ಮುಖ ಮಾಡ್ತೀಯಲ್ಲ.

ಹಬ್ಬದ ಹೊತ್ತಿಗೆ ಆಗುತ್ತೆ ತಾನೇ? ಆಗ್ಲೇಬೇಕು. ಅಲ್ಲಿ ಇಲ್ಲಿಗಿಂತ ಚಳಿ ಜಾಸ್ತಿಯಂತೆ, ಬೆಳಿಗ್ಗೆ ಎಲ್ಲರನ್ನೂ ಅಂಗಳದಲ್ಲಿ ಓಡಾಡಿಸ್ತಾರಂತೆ, ಒಂದು ಕೋಟಾದ್ರೂ ಇಲ್ದಿದ್ರೆ…

ಎಲ್ಲಿ ಅಂದ್ರೆ? ಎಲ್ಲೂ ಇಲ್ಲ. ಬಾಯಿ ತಪ್ಪಿ ಬಂತು.

ಹಾಗೆ ನೋಡಬೇಡ. ಹೇಳ್ತೀನಿ. ನೀನೇನು ಹೊರಗಿನವಳಾ? ಅಣ್ಣ ಒಂದು ಜಾಗ ನೋಡಿದಾನೆ. ವಯಸ್ಸಾದವರನ್ನ ನೋಡ್ಕೊಳ್ಳೋ ಜಾಗ. ಒಳ್ಳೆ ಜಾಗ ಕಣೇ, ಗೋಡೆಗೆಲ್ಲ ಹೊಸ ಬಣ್ಣ, ಹೊತ್ತುಹೊತ್ತಿಗೆ ಊಟ, ನರ್ಸು. ಹಬ್ಬದ ಮಾರನೇ ದಿನ ಅಮ್ಮನ್ನ ಕಾರಲ್ಲಿ ಕರ್ಕೊಂಡು ಹೋಗ್ತಾನೆ. ಅಣ್ಣಂದೇ ಹಠ. ನಾನೇನು ಮಾಡ್ಲಿ? ಗಂಡಸು, ದೊಡ್ಡವನು, ಒಂದು ಸಲ ತೀರ್ಮಾನ ಮಾಡಿದ್ರೆ ಮುಗೀತು. ಅಮ್ಮನಿಗೆ ಇನ್ನೂ ಹೇಳಿಲ್ಲ. ಹಬ್ಬ ಒಂದು ಚೆನ್ನಾಗಿ ಆಗಿಬಿಡ್ಲಿ ಅಂತ.

ಯಾಕೆ ಅಂತ ಕಣ್ಣಲ್ಲೇ ಕೇಳ್ತೀಯ. ಮರೆವು ಗುಬ್ಬಿ, ಮರೆವು. ನಿನಗೆ ಗೊತ್ತಾಗಲ್ಲ, ಒಂದೇ ಸೂರಿನ ಕೆಳಗೆ ಇರೋಳಿಗೆ ಗೊತ್ತಾಗೋದು. ಹಾಲು ಇಟ್ಟು ಉಕ್ಕಿಸ್ತಾಳೆ. ನನ್ನನ್ನ ದೊಡ್ಡಮ್ಮನ ಹೆಸರು ಹಿಡಿದು ಕರೀತಾಳೆ. ನೀನೂ ಹಾಲು ಉಕ್ಕಿಸ್ತೀಯಾ? ಸರಿ, ನಾನೂ ಉಕ್ಕಿಸ್ತೀನಿ, ಅದು ಬಿಡು. ಹೋದ ತಿಂಗಳು ಏನಾಯ್ತು ಗೊತ್ತಾ? ನನ್ನ ಹಳೇ ಜಾಕೆಟ್ ಇತ್ತಲ್ಲ, ಕೆಲಸಕ್ಕೆ ಸೇರಿದಾಗ ಕೊಟ್ಟಿದ್ದು, ಮೊಣಕೈ ಹತ್ರ ತೇಪೆ ಹಾಕಿರೋದು. ಅದೇ ನನಗೆ ಚಳಿಗಾಲದ ದಿಕ್ಕು. ಒಗೆಯೋಕೆ ಅಂತ ಬುಟ್ಟಿಗೆ ಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಮಾಯ! ಅಮ್ಮ, ಜಾಕೆಟ್ ಎಲ್ಲಿ? 'ಎಲ್ಲೋ ಇಟ್ಟೆ ಕಣೇ, ಮರೆತೆ.' ಎಲ್ಲಿ ಇಟ್ಟೆ? 'ಮರೆತೆ ಅಂದ್ನಲ್ಲ, ವಯಸ್ಸಾಯ್ತು.' ಮನೆಯೆಲ್ಲ ಜಾಲಾಡಿದೆ. ಹೊರಗೆ ಕೊರೆಯೋ ಚಳಿ, ಡ್ಯೂಟಿಗೆ ಹೊತ್ತಾಗ್ತಿದೆ. ನನಗೆ ಬಂತು ನೋಡು ಸಿಟ್ಟು… ಸ್ವಲ್ಪ ರೇಗಿದೆ. ಸ್ವಲ್ಪವೇ.

ಮತ್ತೆ ಅವಳು ಏನು ಮಾಡಿದ್ಲು ಹೇಳು? ನಕ್ಕಳು! ನಾನು ಬೈತಾ ಇದ್ರೆ ಬಾಗಿಲಿಗೆ ಒರಗಿ ನಿಂತ್ಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಿದಾಳೆ. ಬೈಸ್ಕೊಳ್ಳುವಾಗ ಯಾರಾದ್ರೂ ನಗ್ತಾರಾ? ಆಯ್ತು, ಇವಳ ತಲೆ ಕೆಟ್ಟಿತು ಅಂದ್ಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು. ಮಧ್ಯಾಹ್ನ ಬೇಗ ಮನೆಗೆ ಬಂದೆ, ಬೀಗ! ಅಮ್ಮ ಇಲ್ಲ. ಬೀದಿಯೆಲ್ಲ ಹುಡುಕಿದೆ. ಸಂಜೆ ಹೊತ್ತಿಗೆ ನಿಧಾನಕ್ಕೆ ಗೋಡೆ ಹಿಡ್ಕೊಂಡು ಬರ್ತಿದಾಳೆ, ಕಂಕುಳಲ್ಲೊಂದು ಕೈಚೀಲ, ಏದುಸಿರು ಬಿಡ್ತಾ. ಎಲ್ಲಿ ಹೋಗಿದ್ದೆ? 'ನೆನಪಿಲ್ಲ ಕಣೇ.' ಅವತ್ತಿಂದ ಒಲೆ ಮುಟ್ಟೋಕೆ ಬಿಟ್ಟಿಲ್ಲ. ಹೊರಗೆ ಹೋಗುವಾಗ ನಾನೇ ಬೀಗ ಹಾಕ್ಕೊಂಡು ಬರ್ತೀನಿ. ಈಗಲೂ… ಹೌದು, ಈಗಲೂ ಹಾಕಿದೆ. ಬೇರೆ ದಾರಿ ಇಲ್ವಲ್ಲ!

ಗುಬ್ಬಿ? ಯಾಕೆ ಹಾಗೆ ಕೂತ್ಬಿಟ್ಟೆ? ಕತ್ತರಿ ಕೆಳಗಿಟ್ಟೆ ಯಾಕೆ?

ಆ ಕೋಟನ್ನೂ ನನ್ನನ್ನೂ ತಿರುಗಿ ತಿರುಗಿ ಯಾಕೆ ನೋಡ್ತೀಯ? ನಾನೇನು ಕದ್ದು ತಂದಿದೀನಾ?

ಥೂ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಾಯ್ತು. ನೀನು ಕೇಳೂ ಇಲ್ಲ, ನಾನೇ ಬಾಯಿ ಬಿಡ್ತಿದೀನಿ. ಆಯ್ತು, ಕೇಳು. ಅಂಗಡಿ ಗಿಂಗಡಿ ಏನೂ ಇಲ್ಲ. ಬೀರು. ಆ ಕೆಳಗಿನ ಖಾನೆ. ಚಪ್ಪಲಿ, ಶಾಲು, ಅವೆಲ್ಲದರ ತಳದಲ್ಲಿ ಕಂದು ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಅತ್ತಿಗೆ ಯಾವತ್ತೋ ತಂದಿದ್ದಿರಬೇಕು, ಅವರಿಗೆ ಅಮ್ಮನ ಅಳತೆ ಎಂದೂ ತಿಳಿದಿಲ್ಲ. ದೊಡ್ಡದಾಯ್ತು ಅಂತ ಅಮ್ಮ ಮೂಲೆಗೆ ಹಾಕಿ ಮರೆತಿದಾಳೆ ಅಂದ್ಕೊಂಡೆ. ಚಿಕ್ಕದು ಮಾಡಿಸಿ, ಹೊಸ ಕಾಗದ ಸುತ್ತಿ ಕೊಟ್ರೆ… ಅವಳಿಗೆ ನೆನಪಿರುತ್ತಾ? ಇರಲ್ಲ. ಅತ್ತಿಗೆ ಗುರುತು ಹಿಡಿದ್ರೂ ಅವರೇನೂ ಬಾಯಿ ಬಿಡಲ್ಲ.

ನಗು ಬೇಕಾದ್ರೆ. ಅಮ್ಮನದ್ದೇ ಕದ್ದು ಅಮ್ಮನಿಗೇ ಉಡುಗೊರೆ ಕೊಡೋಳು! ಆದ್ರೆ ನನಗೆ ಹೊತ್ತೆಲ್ಲಿತ್ತು ಹೇಳು? ಇಲ್ಲ… ಹೊತ್ತಿನ ಮಾತಲ್ಲ ಅದು. ದೊಡ್ಡ ರಸ್ತೆಯಲ್ಲಿ ದಿನಾ ಓಡಾಡ್ತೀನಿ, ಅಂಗಡಿಗಳ ಒಳಗೇ ಹೋಗಿ ಪಾರ್ಸಲ್ ಕೊಡ್ತೀನಿ. ಮನಸ್ಸು ಬರಲಿಲ್ಲ. ಏನು ತಂದ್ರೂ ಮೂಲೆಗೆ ಹೋಗೋದೇ, ಹೇಗಿದ್ರೂ ಅವಳೂ ಹೋಗೋಳೇ, ಮತ್ಯಾಕೆ ಅನ್ನಿಸ್ತು. ನೋಡು, ಹೇಳ್ಬಿಟ್ಟೆ. ಹೇಸಿಗೆ ಅನ್ನಿಸ್ತಿದೆ ತಾನೇ? ನನಗೂ ಅನ್ನಿಸ್ತಿದೆ.

ಏನು? ಎಲ್ಲಿಗೆ? ಕೈ ಹಿಡಿದು ಎಳೀಬೇಡ್ವೇ, ಬರ್ತೀನಿ. ಪರದೆ ಹಿಂದೆ ಯಾಕೆ? ನನ್ನ ಅಳತೆ ಯಾಕೆ, ಅಮ್ಮನಿಗಲ್ವಾ ಕೋಟು… ಬೇಡ ಕಣೇ, ನನಗ್ಯಾಕೆ ಹಾಕ್ತೀಯ? ಬೆವರು ಮೈ. ತಡಿ, ತೋಳು ಸಿಕ್ಕಿಕೊಳ್ತು. ಹಾಂ. ಬಂತು.

ಹೂಂ. ನನಗೆ ಸರಿಯಾಗಿ ಕೂರುತ್ತೆ. ಅದಕ್ಕೇನೀಗ? ನಾನೂ ಅತ್ತಿಗೆ ಅಳತೆಯವಳೇ ಇರಬೇಕು. ಬಿಚ್ಚಿದ ಕಡೆ ಏನು ತುರುಕ್ತೀಯ? ಆ ಗಂಟಾ? ಅದನ್ನ ತೆಗಿ ಅಂದ್ರೆ ಒಳಗೆ ತಳ್ತೀಯಲ್ಲ. ಕನ್ನಡಿ ನೋಡಬೇಕಾ? ನಾನು ಕನ್ನಡಿ ನೋಡಿ ಯಾವ ಕಾಲ ಆಯ್ತೋ.

ಸಮ ಇದೆ.

ಎರಡು ಭುಜವೂ ಸಮ ಇದೆ.

ನನ್ನ ಬಲಗಡೆ ಹೆಗಲು… ಇದು ಬಿದ್ದುಹೋಗಿದೆ ಅಲ್ವಾ? ಚೀಲ ಹೊತ್ತು ಹೊತ್ತು. ಪಟ್ಟಿ ಜಾರ್ತಿತ್ತಲ್ಲ, ನಾನು ಪಟ್ಟೀನೇ ಬೈತಿದ್ದೆ. ನನಗೇ ಗೊತ್ತಿರಲಿಲ್ಲ ಗುಬ್ಬಿ. ಯಾರೂ ಹೇಳಲಿಲ್ಲ. ಇದನ್ನ ಯಾರು ನೋಡಿದ್ರು?

ಜೇಬು. ಕೈ ಎರಡೂ ಮಣಿಕಟ್ಟಿನವರೆಗೂ ಹೋಗುತ್ತೆ. ಬೆರಳಿಗೆ ಒಳಗೆಲ್ಲ ಉಣ್ಣೆ…

ಅದೇನದು? ಆ ಮೊಳೆಯಲ್ಲಿ, ಟೇಪಿನ ಹಿಂದೆ ತೂಗಾಕಿರೋದು? ಸರಿಸು. ಸರಿಸೇ ಅಂದ್ರೆ!

ಇದು ನಂದು. ಮೊಣಕೈ ತೇಪೆ ನಾನೇ ಹಾಕಿದ್ದು, ಸೊಟ್ಟಗೆ. ಇದು ನನ್ನ ಜಾಕೆಟ್ಟು.

ನಿನ್ನ ಹತ್ರ ಹೇಗೆ ಬಂತು? ಹೇಳು. ಬಾಯಲ್ಲಿ ಈಗ ಒಂದು ಸೂಜಿನೂ ಇಲ್ಲ, ಎಲ್ಲಾ ಆ ಡಬ್ಬಿಗೆ ಉಗಿದೆಯಲ್ಲ, ಮಾತಾಡೇ! ಅಮ್ಮ ತಂದ್ಲಾ? ಅಳತೆಗೆ ಅಂತ? ಅವತ್ತು ಮಧ್ಯಾಹ್ನ… ಬೀಗ ಹಾಕಿತ್ತಲ್ಲ, ಅವತ್ತು ಇಲ್ಲಿಗೆ ಬಂದಿದ್ಲಾ? ನೀನು ಹೊಲಿದ ಈ ಕೋಟು ತಗೊಂಡು ಹೋಗೋಕೆ? ಅಷ್ಟು ದೂರ, ಆ ಮಂಡಿ ಇಟ್ಕೊಂಡು? ಯಾರಿಗೂ ಹೇಳಬೇಡ ಅಂತ ನಿನ್ನ ಕೈಲಿ ಆಣೆ ಹಾಕಿಸಿದ್ಲಾ?

ತಲೆ ಆಡಿಸಬೇಡ. ಇಲ್ಲ ಅನ್ನು ಒಂದ್ಸಲ. ದಮ್ಮಯ್ಯ.

ಅದಕ್ಕೇ ನಕ್ಕಿದ್ದು. ಸೆರಗು ಅಡ್ಡ ಹಿಡಿದು ನಕ್ಕಿದ್ದು ಅದಕ್ಕೇ! ನಾನು ಕೂಗಾಡ್ತಿದ್ರೆ ಒಳಗೊಳಗೇ ಅವಳಿಗೆ ಖುಷಿ. ಸುಮ್ಮನೆ ಮರೆತೆ ಮರೆತೆ ಅಂತ… ಅಯ್ಯೋ ಅಮ್ಮ. ಬೈಗುಳ ತಿಂದ್ಕೊಂಡು ಗುಟ್ಟು ಕಾಯ್ದಿದಾಳೆ ಕಣೇ. ನಾನು ಅಂದಿದ್ದು ಸ್ವಲ್ಪ ಅಲ್ಲ. 'ನಿನ್ನ ತಲೆ ಹೋಗಿದೆ, ನಿನ್ನಂಥವರು ಮನೇಲಿರಬಾರದು' ಅಂದೆ. ಆಗ ನಗು ನಿಲ್ಲಿಸಿದ್ಲು. ನಿಲ್ಲಿಸಿದ್ಲು, ಆದ್ರೂ ಬಾಯಿ ಬಿಡಲಿಲ್ಲ.

ಹಬ್ಬದ ದಿನ ಎಲ್ಲರ ಮುಂದೆ ಇದನ್ನ ಅವಳ ತೊಡೆ ಮೇಲೆ ಇಡ್ತಿದ್ದೆ. ಅವಳ ಅಳತೆಗೆ ಕತ್ತರಿಸಿ. ಅವಳು ಬಿಚ್ತಿದ್ಲು. ನೋಡ್ತಿದ್ಲು. ಏನಂದ್ಕೋತಿದ್ಲು? ನಾನು ಕದ್ದೆ ಅಂತ ಅವಳ ತಲೆಗೆ ಹೊಳೆಯೋದೇ ಇಲ್ಲ ಗುಬ್ಬಿ. ನನಗೆ ನಿಜವಾಗ್ಲೂ ತಲೆ ಹೋಯ್ತು, ಮಗಳ ಕೋಟು ನನ್ನ ಅಳತೆಗೆ ಹೊಲಿಸಿಬಿಟ್ಟಿದೀನಿ ಅಂದ್ಕೋತಿದ್ಲು. ಅಂದ್ಕೊಂಡು ಸುಮ್ಮನೆ ಹಾಕ್ಕೊಂಡು, ಅಣ್ಣನ ಕಾರು ಹತ್ತಿಬಿಡ್ತಿದ್ಲು.

ನಾನು ಒಂದು ಸಲ ಹಾಕ್ಕೊಂಡೂ ನೋಡಲಿಲ್ಲ. ಅಮ್ಮನ ಬೀರುವಿನಲ್ಲಿ ನನಗೆ ಅಂತ ಏನಾದ್ರೂ ಇರುತ್ತೆ ಅಂತ…

ಅಣ್ಣನಿಗೆ ಫೋನ್ ಮಾಡ್ತೀನಿ. ಈಗಲೇ ಮಾಡ್ತೀನಿ. ಏನು ಅಂತ ಹೇಳ್ಲಿ? ಬೇಡ, ಅಮ್ಮ ಚೆನ್ನಾಗಿದಾಳೆ, ಆ ಜಾಗದವರಿಗೆ ಬರಲ್ಲ ಅಂತ ಹೇಳು… ಅಷ್ಟೇ ತಾನೇ? ಅವನು ಯಾಕೆ ಅಂತ ಕೇಳ್ತಾನೆ.

ಹಾಗೆ ಸುಮ್ಮನೆ ನಿಂತು ಕನ್ನಡಿಯಲ್ಲಿ ನನ್ನನ್ನೇ ನೋಡಬೇಡ್ವೇ. ಬೈ. ಅಮ್ಮನ ಪರವಾಗಿ ಎರಡು ಏಟು ಹೊಡಿ. ಅಣ್ಣನಿಗೆ ಹೇಳೋಕೆ ಏನು ಕಷ್ಟ ಅಂತೀಯ? ನೀನು ಏನೂ ಅಂತಿಲ್ಲ, ಗೊತ್ತು… ನೀನು ಏನೂ ಅಂತಿಲ್ಲ.

ಅಣ್ಣಂದಲ್ಲ ಹಠ.

ಅಣ್ಣ ಬೇಡ ಅಂದಿದ್ದ. 'ಅಮ್ಮನ್ನ ಅಲ್ಲೆಲ್ಲ ಬಿಡೋದು ಬೇಡ, ನಾನೇ ಕರ್ಕೊಂಡು ಹೋಗ್ತೀನಿ' ಅಂದ. ಜಾಗ ಹುಡುಕಿದ್ದು ನಾನು. ಪಾರ್ಸಲ್ ಕೊಡೋಕೆ ಹೋದಾಗ ಒಳಗೆ ಹೋಗಿ ನೋಡ್ಕೊಂಡು ಬಂದೆ. ನನಗೆ ಸಾಕಾಗಿತ್ತು ಗುಬ್ಬಿ, ಬೇರೇನೂ ಇಲ್ಲ, ಸಾಕಾಗಿತ್ತು. ಮನೆಗೆ ಬಂದು ಬಾಗಿಲು ಹಾಕ್ಕೊಂಡು ಒಬ್ಬಳೇ ಬಿದ್ಕೋಬೇಕು ಅನ್ನಿಸ್ತಿತ್ತು. ಅವನು ಒಪ್ಪದೇ ಇದ್ದಾಗ ಈ ಜಾಕೆಟ್ಟಿನ ಕಥೆ ಹೇಳಿದೆ. ಮಧ್ಯಾಹ್ನ ಕಾಣೆಯಾಗಿದ್ದನ್ನ ಹೇಳಿದೆ. ಆ ನಗುವನ್ನೂ ನಕ್ಕು ತೋರಿಸಿದೆ. ಅದನ್ನ ನೋಡಿದ ಮೇಲೆ ಅಣ್ಣ ಅತ್ತುಬಿಟ್ಟ, ಆಮೇಲೆ ಹೂಂ ಅಂದ.

ಬಿಚ್ಚು ಇದನ್ನ. ಆ ಭುಜ ಮೊದಲಿನ ಹಾಗೇ ಹೊಲಿದುಕೊಡು, ಬ್ಲೇಡ್ ತಾಗಿದ್ದು ಕಾಣಬಾರದು. ಅದೇ ಕಂದು ಕಾಗದದಲ್ಲಿ ಸುತ್ತಿ ಅಲ್ಲೇ ಇಟ್ಟುಬಿಡ್ತೀನಿ. ಬೀಗ ತೆಗೀಬೇಕು, ಅಮ್ಮ ಕಿಟಕಿ ಹತ್ರ ಕೂತಿರ್ತಾಳೆ. ಎರಡು ಬೀದಿ ಆಮೇಲೆ ನೋಡ್ಕೋತೀನಿ.

ಬಿಚ್ಚೇ ಗುಬ್ಬಿ. ನನ್ನ ಕೈಲಿ ಗುಂಡಿ ತೆಗೆಯೋಕೆ ಆಗ್ತಿಲ್ಲ. ಬೆರಳು ಮರಗಟ್ಟಿರೋದಕ್ಕಲ್ಲ, ಬೆರಳಿಗೆ ಜೀವ ಬಂದಿದೆ… ಬೆಚ್ಚಗಿದೆ ಕಣೇ ಇದು. ಎಷ್ಟು ಬೆಚ್ಚಗಿದೆ ಅಂದ್ರೆ… ಬಿಚ್ಚು.